ಮೇಸ್ತ್ರಿಗೆ ಮೂರು ಪ್ರಶ್ನೆ

ತಾರಸಿ ಹಾಕಲು ಎಷ್ಟು ದಿನ ಬೇಕೆಂದರೆ ಮೇಸ್ತ್ರಿ ಒಂದೇ ಸಂಖ್ಯೆ ಹೇಳುತ್ತಾನೆ. ಕೆಲಸದ ಕಾಲವನ್ನು ಅಂದಾಜಿಸುವ ಪರ್ಟ್ ವಿಧಾನ ಅವನನ್ನು ಮೂರು ಸಲ ಕೇಳುತ್ತದೆ: ಎಲ್ಲ ಕೂಡಿಬಂದರೆ ಎಷ್ಟು, ವಾಡಿಕೆಯಲ್ಲಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು? 1958ರಲ್ಲಿ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿಗಾಗಿ ಹುಟ್ಟಿದ ಲೆಕ್ಕವಿದು. ಹಿಂದೆಂದೂ ಮಾಡಿರದ ಕೆಲಸಕ್ಕೆ ಒಂದೇ ಅಂದಾಜು ಕೊಡುವ ಧೈರ್ಯ ಯಾರಿಗಿದ್ದೀತು?

ಮೇಸ್ತ್ರಿಯ ಉತ್ತರ 6, 9, 18 ಎಂದಿರಲಿ. ನಡುವಿನದನ್ನು ನಾಲ್ಕರಿಂದ ಗುಣಿಸಿ, ಎರಡೂ ತುದಿ ಕೂಡಿಸಿ, ಆರರಿಂದ ಭಾಗಿಸಿದರೆ 10 ದಿನ. ಅವನ ಒಂಬತ್ತಕ್ಕೆ ಒಂದು ದಿನ ಸೇರಿತು. ಸಿಮೆಂಟು ಬಾರದ, ಸೆಂಟ್ರಿಂಗ್‌ನವರು ಊರಿಗೆ ಹೋದ ದಿನಗಳೆಲ್ಲ ಆ ಒಂದರಲ್ಲಿವೆ. ಕೆಟ್ಟದ್ದಕ್ಕೂ ಜಾಗವುಂಟು, ಯಜಮಾನಿಕೆಯಿಲ್ಲ. ತುದಿಗಳ ಅಂತರದ ಆರನೇ ಒಂದು ಪಾಲು, ಅಂದರೆ 2 ದಿನ, ಈ ಅಂದಾಜಿನ ಹೊಯ್ದಾಟ.

ನನಗೆ ಅತಿ ರುಚಿಸುವುದು ಮುಂದಿನ ಹೆಜ್ಜೆ. ಪಾಯಕ್ಕೆ 8, 11, 20; ಗೋಡೆಗೆ 12, 15, 18 ಎನ್ನೋಣ. ಸರಾಸರಿ 12 ಮತ್ತು 15, ಹೊಯ್ದಾಟ 2 ಮತ್ತು 1. ತಾರಸಿಯೂ ಸೇರಿ ಮೂರೂ ಒಂದರ ಹಿಂದೊಂದು ನಡೆದರೆ ಒಟ್ಟು 37 ದಿನ. ಹೊಯ್ದಾಟ ಮಾತ್ರ 2, 1, 2 ಕೂಡಿ ಐದಾಗುವುದಿಲ್ಲ. ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು: 4, 1, 4 ಕೂಡಿ 9, ಮೂಲ 3. ಪಾಯದಲ್ಲಿ ತಡವಾದದ್ದು ತಾರಸಿಯಲ್ಲಿ ಸರಿಹೋಗಬಹುದು ಎಂಬ ಅನುಭವದ ಮಾತನ್ನು ಗಣಿತ ಎಷ್ಟು ಸಲೀಸಾಗಿ ಆಡುತ್ತದೆ! (ಮೂರನ್ನೂ ಒಂದೇ ಮಳೆ ಹಿಡಿದರೆ ಈ ಸಲೀಸು ಉಳಿಯದು.)

ಕೆಲಸ ಎಂದಿಗೆ ಮುಗಿದೀತೆಂಬ ಮನೆಯೊಡೆಯನ ಪ್ರಶ್ನೆಗೆ ಈಗ ಉತ್ತರವುಂಟು. ವಾಡಿಕೆಯ ದಿನಗಳನ್ನಷ್ಟೇ ಕೂಡಿಸಿ 35 ಎಂದು ಮಾತು ಕೊಟ್ಟರೆ ಉಳಿಸಿಕೊಳ್ಳುವ ಸಾಧ್ಯತೆ ಶೇ 25ರಷ್ಟು. 37ಕ್ಕೆ ಅರ್ಧಕ್ಕರ್ಧ. 40ಕ್ಕೆ ಶೇ 84. ಈ ಶೇಕಡಾಗಳಿಗಾಗಿ ಮೂರೇ ಕೆಲಸಗಳಿಗೆ ಗಂಟೆಯಾಕಾರದ ವಕ್ರರೇಖೆ ಹೊಂದಿಸುವುದು ಸ್ವಲ್ಪ ಸಲಿಗೆಯೇ, ನಿಜ. ಸೂತ್ರಕ್ಕೆ ಆಧಾರವಾದ ಬೀಟಾ ವಿತರಣೆಯೂ ಅನುಕೂಲಕ್ಕೆಂದು ಆರಿಸಿದ್ದು. ಕೆಲಸಗಳ ಕಾಲ ಹಾಗೇ ಹರಡಿರುತ್ತದೆಂಬ ಮಾಹಿತಿ ತನ್ನಲ್ಲಿಲ್ಲವೆಂದು ಪರ್ಟ್ ರೂಪಿಸಿದವರಲ್ಲೊಬ್ಬನಾದ ಚಾರ್ಲ್ಸ್ ಕ್ಲಾರ್ಕ್ 1962ರಲ್ಲಿ ಸಂಕೋಚವಿಲ್ಲದೆ ಬರೆದ.

ಇನ್ನೊಂದು ಕುಂದು, ಅದೂ ಸೊಗಸಾದದ್ದೇ. ಲೆಕ್ಕ ನೋಡುವುದು ಒಂದರ ಹಿಂದೊಂದು ನಡೆಯುವ ಕೆಲಸಗಳ ಅತಿ ಉದ್ದದ ಸಾಲನ್ನಷ್ಟೇ. ಪಕ್ಕದಲ್ಲಿ ಬಡಗಿಯ ಕೆಲಸವೂ ಅಷ್ಟೇ ಉದ್ದವಿದ್ದು, ಒಂದಕ್ಕೊಂದು ಸಂಬಂಧವಿಲ್ಲದೆ ಎರಡಕ್ಕೂ 37ನೇ ದಿನದ ಸಾಧ್ಯತೆ ಅರ್ಧವಿದ್ದರೆ, ಎರಡೂ ಅಂದಿಗೆ ಮುಗಿಯುವುದು ನಾಲ್ಕರಲ್ಲೊಂದು ಪಾಲು ಮಾತ್ರ.