ಮಗುವಿನ ದನಿಗೆ ಕಿವುಡಾದ ಆಟಿಕೆ

'ಮಗುವಿನ ಮಾತಿಗೆ ಸ್ಪಂದಿಸುತ್ತದೆ' ಎಂಬುದು ಧ್ವನಿ ಕೇಳಿ ನಡೆಯುವ ರೋಬೋ ಆಟಿಕೆಗಳ ಜಾಹೀರಾತು. ನಿಜಕ್ಕೂ ಯಾರು ಯಾರ ಮಾತಿಗೆ ಹೊಂದಿಕೊಳ್ಳುತ್ತಿದ್ದಾರೆ?

1920ರ ದಶಕದಲ್ಲಿ ಅಮೆರಿಕದಲ್ಲಿ 'ರೇಡಿಯೋ ರೆಕ್ಸ್' ಎಂಬ ಆಟಿಕೆ ನಾಯಿ ಬಂತು. 'ರೆಕ್ಸ್' ಎಂದು ಕರೆದರೆ ಗೂಡಿನಿಂದ ಹಾರಿ ಬರುತ್ತಿತ್ತು. ಅದಕ್ಕೆ ಹೆಸರು ತಿಳಿಯುತ್ತಿರಲಿಲ್ಲ. ಆ ಪದದ 'ಎ' ಸ್ವರದ ಸುಮಾರು 500 ಹರ್ಟ್ಸ್ ಕಂಪನಕ್ಕೆ ಸ್ಪ್ರಿಂಗ್ ಬಿಡುಗಡೆಯಾಗುತ್ತಿತ್ತು, ಅಷ್ಟೆ. ಆ ಅಳತೆ ಒಪ್ಪುವುದು ಗಂಡಸರ ಕಂಠಕ್ಕೆ. ಮಕ್ಕಳ ಆಟಿಕೆ ಮಕ್ಕಳ ದನಿಗೇ ಮಂದ!

ನೂರು ವರ್ಷಗಳಲ್ಲಿ ಯಂತ್ರ ಬದಲಾಯಿತು, ಪಕ್ಷಪಾತ ಉಳಿಯಿತು. ತುಂಗಭದ್ರೆಯ ದಂಡೆಯ ಮುಕ್ಕುಂದದಂಥ ಊರಿನಲ್ಲಿ ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ ಆಡುವ ಮಗು ಒಂದೇ ಉಸಿರಿನಲ್ಲಿ 'ಇಧರ್ ಆ' ಎನ್ನುತ್ತದೆ, 'ಇಲ್ಲಿ ಬಾರಲೇ' ಎನ್ನುತ್ತದೆ. ಅಗ್ಗದ ರೋಬೋ ಬಲ್ಲದ್ದು ಸಾಮಾನ್ಯವಾಗಿ ಕೆಲವೇ ಇಂಗ್ಲಿಷ್ ಆಜ್ಞೆಗಳನ್ನು. ಅದು ಅಲುಗದಿದ್ದರೆ ಮಗು ಆಟಿಕೆಯನ್ನು ದೂರುವುದಿಲ್ಲ, ತನ್ನ ನಾಲಿಗೆಯನ್ನೇ ತಿದ್ದಿಕೊಳ್ಳುತ್ತದೆ. ಮನೆಮಾತು ಕೀಳೆಂಬ ಪಾಠ ಶಾಲೆಗಿಂತ ಮೊದಲೇ, ಆಟದಲ್ಲೇ ಆಗಿಬಿಡುತ್ತದೆ.

ಇಂಟರ್ನೆಟ್ಟಿಗೆ ಜೋಡಿಸಿದ ಆಟಿಕೆಗಳ ಸಮಸ್ಯೆ ಬೇರೆ. ಅವು ಕೇಳಿದ್ದು ಮನೆಯೊಳಗೆ ಉಳಿಯುವುದಿಲ್ಲ. 'ಕೈಲಾ' ಎಂಬ ಮಾತಾಡುವ ಗೊಂಬೆಯನ್ನು ಗುಪ್ತ ಆಲಿಕೆಯ ಸಾಧನವೆಂದು 2017ರಲ್ಲಿ ಜರ್ಮನಿ ನಿಷೇಧಿಸಿತು. ಮಕ್ಕಳ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು ನಮ್ಮ 2023ರ ಕಾಯ್ದೆಯೂ ಹೇಳುತ್ತದೆ. ಆದರೆ ಷರತ್ತುಗಳನ್ನು ಓದದೆ ಗುಂಡಿ ಒತ್ತುವುದು ಒಪ್ಪಿಗೆಯೇ?

ಕೊಪ್ಪಳದ ಬಳಿಯ ಕಿನ್ನಾಳದ ಮರದ ಗೊಂಬೆ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಅದಕ್ಕೆ ಹೆಸರು, ಜಗಳ, ಉತ್ತರ ಎಲ್ಲವನ್ನೂ ಕೊಡುವುದು ಮಗುವೇ. ರೋಬೋ ಬೇಡವೆಂದಲ್ಲ. ಕೊಳ್ಳುವ ಮೊದಲು ಅಂಗಡಿಯಲ್ಲೇ ಮಗು ತನ್ನ ಮಾತಿನಲ್ಲಿ ಕರೆದು ನೋಡಲಿ. ತಿರುಗದಿದ್ದರೆ ಕೊರತೆ ಮಗುವಿನದಲ್ಲವೆಂದು ಅಲ್ಲೇ ಹೇಳಿಬಿಡೋಣ.