ಬಂಡೆಯ ಮೇಲೆ ಕಾವಲು ಕುಳಿತ ತಾಯಿ



ಪವಿತ್ರ ಬೈಬಲಿನಲ್ಲಿ ಯುದ್ಧ, ಸಾವು, ಬಲಿಗಳ ಕಥನಗಳು ಎದುರಾದಾಗ ನಾವು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತೇವೆ. ಆ ಪುಟಗಳನ್ನು ಬೇಗಬೇಗನೆ ಮಗುಚಿ ಕೀರ್ತನೆಗಳತ್ತ ಸಾಗುವುದು ಒಂದು. 'ದೇವರ ಚಿತ್ತ ಹಾಗಿತ್ತು' ಎಂಬ ಒಂದೇ ಮಾತಿನಲ್ಲಿ ಪಾಠವನ್ನು ಮುಗಿಸಿಬಿಡುವುದು ಇನ್ನೊಂದು. ಎರಡರಲ್ಲಿಯೂ ನಿಜವಾದ ಓದು ನಡೆದಿರುವುದಿಲ್ಲ. ಸಮುವೇಲನ ಎರಡನೆಯ ಗ್ರಂಥದ 21ನೆಯ ಅಧ್ಯಾಯದ ಮೊದಲ 14 ವಚನಗಳನ್ನು ಇಲ್ಲಿ ನಿಧಾನವಾಗಿ ಪರಿಶೀಲಿಸೋಣ. ಭಾನುವಾರದ ಬಲಿಪೂಜೆಯ ವಾಚನಗಳಲ್ಲಿ ಈ ಭಾಗ ಬರುವುದಿಲ್ಲವಾದ್ದರಿಂದ ತಾವೇ ಗ್ರಂಥವನ್ನು ತೆರೆದು ಓದಬೇಕೆಂದು ವಿನಂತಿ.

ಪ್ರಸಂಗ ಹೀಗಿದೆ. ದಾವೀದನ ಆಳ್ವಿಕೆಯಲ್ಲಿ ಸತತ ಮೂರು ವರ್ಷ ಬರಗಾಲ. ಅರಸನು ಕಾರಣವನ್ನು ಕೇಳಿದಾಗ, ಸೌಲನು ಗಿಬ್ಯೋನ್ಯರನ್ನು ಕೊಂದ ರಕ್ತದೋಷವು ಅವನ ಮೇಲೂ ಅವನ ಮನೆತನದ ಮೇಲೂ ಇದೆಯೆಂದು ಸರ್ವೇಶ್ವರ ತಿಳಿಸುತ್ತಾರೆ. ಗಿಬ್ಯೋನ್ಯರ ಪ್ರಾಣ ಉಳಿಸುವುದಾಗಿ ಯೆಹೋಶುವನ ಕಾಲದಲ್ಲಿಯೇ ಇಸ್ರಯೇಲರು ಪ್ರಮಾಣ ಮಾಡಿದ್ದರು. ಸೌಲನು ಅದನ್ನು ಮುರಿದಿದ್ದನು. ಈಗ ಗಿಬ್ಯೋನ್ಯರು ಬೆಳ್ಳಿಬಂಗಾರವನ್ನು ನಿರಾಕರಿಸಿ ಸೌಲನ ವಂಶದ ಏಳು ಮಂದಿಯನ್ನು ಕೇಳುತ್ತಾರೆ. ಯೋನಾತಾನನಿಗೆ ಮಾಡಿದ್ದ ಪ್ರಮಾಣದ ನಿಮಿತ್ತ ಅವನ ಮಗನನ್ನು ಉಳಿಸಿಕೊಂಡ ದಾವೀದನು, ಸೌಲನ ಉಪಪತ್ನಿಯಾಗಿದ್ದ ರಿಚ್ಪಳ ಇಬ್ಬರು ಮಕ್ಕಳನ್ನೂ ಸೌಲನ ಮಗಳ ಐವರು ಮಕ್ಕಳನ್ನೂ ಒಪ್ಪಿಸುತ್ತಾನೆ. ಜವೆಗೋಧಿಯ ಕೊಯ್ಲು ಆರಂಭವಾಗುವ ದಿನಗಳಲ್ಲಿ ಏಳು ಮಂದಿಯೂ ಬೆಟ್ಟದ ಮೇಲೆ ಒಟ್ಟಿಗೆ ಹತರಾಗುತ್ತಾರೆ.

ಅವಸರದ ಓದುಗನು ಇಲ್ಲಿಗೇ ನಿಂತು, ದೇವರು ರಕ್ತವನ್ನು ಕೇಳಿದರು, ರಕ್ತ ಸಂದಿತು, ಬರ ನೀಗಿತು ಎಂದು ತೀರ್ಮಾನಿಸುತ್ತಾನೆ. ಗ್ರಂಥಪಾಠ ಈ ತೀರ್ಮಾನವನ್ನು ಸಮರ್ಥಿಸುತ್ತದೆಯೇ?

ಮೊದಲು, ಯಾರು ಯಾರನ್ನು ಕೇಳಿದರೆಂಬುದನ್ನು ಗಮನಿಸಿ. ದೇವರು ದೋಷವನ್ನು ಹೆಸರಿಸಿದರು, ಪರಿಹಾರವನ್ನು ಹೇಳಲಿಲ್ಲ. ಪರಿಹಾರವೇನೆಂದು ದಾವೀದನು ಕೇಳಿದ್ದು ಗಿಬ್ಯೋನ್ಯರನ್ನು. ಇದೇ ದಾವೀದನು ಹೆಬ್ರೋನಿಗೆ ಹೋಗುವ ಮುನ್ನ ಮತ್ತೆ ಮತ್ತೆ ಸರ್ವೇಶ್ವರರನ್ನು ವಿಚಾರಿಸಿದವನು. ಫಿಲಿಷ್ಟಿಯರ ಮೇಲೆ ಎರಡು ಸಲ ಯುದ್ಧಕ್ಕೆ ಹೊರಟಾಗ ಎರಡು ಸಲವೂ ಕೇಳಿದವನು. ಇಲ್ಲಿ ಮಾತ್ರ ಎರಡನೆಯ ಪ್ರಶ್ನೆಯಿಲ್ಲ. ಈ ಸಾವುಗಳಿಂದ ಅವನ ಸಿಂಹಾಸನಕ್ಕೆ ಎದುರಾಗಬಹುದಾಗಿದ್ದ ಸೌಲನ ವಂಶವೂ ಕ್ಷೀಣಿಸಿತೆಂಬುದನ್ನು ಮರೆಯಲಾಗದು. ಸೌಲನ ಕುಲದ ಶಿಮ್ಮಿಯು ದಾವೀದನನ್ನು ಕೊಲೆಗಾರನೆಂದು ಶಪಿಸಿದ್ದನ್ನೂ ಇದೇ ಗ್ರಂಥದ 16ನೆಯ ಅಧ್ಯಾಯ ಮುಚ್ಚಿಡದೆ ದಾಖಲಿಸಿದೆ.

ಎರಡನೆಯದಾಗಿ, ಧರ್ಮೋಪದೇಶಕಾಂಡವನ್ನು ಪಕ್ಕದಲ್ಲಿಟ್ಟು ನೋಡಿ. ತಂದೆಯ ಪಾಪಕ್ಕಾಗಿ ಮಕ್ಕಳನ್ನು ಕೊಲ್ಲಕೂಡದೆಂದು 24ನೆಯ ಅಧ್ಯಾಯ ವಿಧಿಸುತ್ತದೆ. ಮರಕ್ಕೆ ನೇತುಹಾಕಿದ ಶವವನ್ನು ರಾತ್ರಿಯಿಡೀ ಹಾಗೆಯೇ ಬಿಡದೆ ಅದೇ ದಿನ ಹೂಳಬೇಕೆಂದು 21ನೆಯ ಅಧ್ಯಾಯ ಆಜ್ಞಾಪಿಸುತ್ತದೆ. ಬೆಟ್ಟದ ಮೇಲೆ ಈ ಎರಡೂ ವಿಧಿಗಳು ಮುರಿದುಬಿದ್ದಿವೆ. ಮುರಿದ ಒಂದು ಪ್ರಮಾಣವನ್ನು ಸರಿಪಡಿಸಲು ಹೊರಟವರು ಧರ್ಮಶಾಸ್ತ್ರವನ್ನೇ ಮುರಿದರು.

ಇನ್ನು ರಿಚ್ಪಳ ಕಡೆಗೆ ಬರೋಣ. ಈಕೆಯ ಹೆಸರು ಮೊದಲು ಕಾಣುವುದು 3ನೆಯ ಅಧ್ಯಾಯದಲ್ಲಿ. ಸೌಲನ ಮನೆತನಕ್ಕೂ ದಾವೀದನ ಮನೆತನಕ್ಕೂ ಯುದ್ಧ ನಡೆಯುತ್ತಿದ್ದಾಗ, ಸೇನಾಪತಿ ಅಬ್ನೇರನಿಗೂ ಸೌಲನ ಮಗನಿಗೂ ಅವಳ ಕಾರಣವಾಗಿ ಜಗಳ ಹುಟ್ಟಿತು. ಗಂಡಸರು ಅವಳ ವಿಷಯವಾಗಿ ಮಾತನಾಡಿದರೇ ಹೊರತು ಅವಳನ್ನು ಮಾತನಾಡಿಸಲಿಲ್ಲ. 21ನೆಯ ಅಧ್ಯಾಯದಲ್ಲಿಯೂ ಅವಳ ಬಾಯಿಂದ ಒಂದು ಪದವೂ ಹೊರಡುವುದಿಲ್ಲ. ಗೋಣಿತಟ್ಟನ್ನು ಬಂಡೆಯ ಮೇಲೆ ಹಾಸಿಕೊಂಡು, ಹಗಲಲ್ಲಿ ಹಕ್ಕಿಗಳೂ ರಾತ್ರಿಯಲ್ಲಿ ಕಾಡುಮೃಗಗಳೂ ಶವಗಳನ್ನು ಮುಟ್ಟದಂತೆ, ಆಕಾಶದಿಂದ ಮಳೆ ಬೀಳುವವರೆಗೂ ಅವಳು ಕಾಯುತ್ತಾಳೆ. ಆ ನಾಡಿನಲ್ಲಿ ಜವೆಗೋಧಿಯ ಕೊಯ್ಲು ಏಪ್ರಿಲಿನ ಹೊತ್ತಿಗೆ. ವಾಡಿಕೆಯ ಮಳೆ ಅಕ್ಟೋಬರಿನ ಸುಮಾರಿಗೆ. ಇದು ಆ ಮಳೆಯೇ ಆಗಿದ್ದರೆ ಅವಳ ಕಾವಲು ಸುಮಾರು ಆರು ತಿಂಗಳಿನದು. ಅವಳು ಕಾದದ್ದು ತನ್ನ ಇಬ್ಬರನ್ನು ಮಾತ್ರವಲ್ಲ, ಇನ್ನೊಬ್ಬ ತಾಯಿಯ ಐವರನ್ನೂ.

ಕಲಾವಿದರು ಈ ತಾಯಿಯನ್ನು ಗುರುತಿಸಿದ್ದಾರೆ. ಇಂಗ್ಲೆಂಡಿನ ಕವಿ ಟೆನ್ನಿಸನ್, ಗಲ್ಲಿಗೇರಿದ ಮಗನ ಮೂಳೆಗಳನ್ನು ಆಯ್ದು ಹೂಳುವ ತಾಯಿಯೊಬ್ಬಳ ಕವನಕ್ಕೆ 1880ರಲ್ಲಿ ರಿಚ್ಪಳ ಹೆಸರನ್ನೇ ಇಟ್ಟನು. ಆದರೆ ಅವಳನ್ನು ದುಃಖದ ಚಿತ್ರವಾಗಿ ಮಾತ್ರ ಕಂಡರೆ ಕಥನದ ಅರ್ಧಭಾಗ ಕೈತಪ್ಪುತ್ತದೆ. ಅವಳ ಕೃತ್ಯದ ಸುದ್ದಿ ಅರಸನನ್ನು ಮುಟ್ಟಿತು, ಅವನನ್ನು ಕದಲಿಸಿತು. ಯಾಬೇಷ್ ಗಿಲ್ಯಾದಿನಲ್ಲಿದ್ದ ಸೌಲ ಮತ್ತು ಯೋನಾತಾನರ ಎಲುಬುಗಳನ್ನು ಅವನು ತಾನೇ ಹೋಗಿ ತಂದನು. ಹತರಾದ ಏಳು ಮಂದಿಯ ಎಲುಬುಗಳನ್ನೂ ಕೂಡಿಸಲಾಯಿತು. ಬೆನ್ಯಾಮೀನರ ನಾಡಿನಲ್ಲಿ, ಕೀಷನ ಸಮಾಧಿಯಲ್ಲಿ, ಸೌಲನಿಗೂ ಅವನ ಮಗನಿಗೂ ಗೌರವದ ಸಂಸ್ಕಾರವಾಯಿತು. ಇದಾದ ಮೇಲೆಯೇ, ನಾಡಿಗಾಗಿ ಮಾಡಿದ ಪ್ರಾರ್ಥನೆಯನ್ನು ದೇವರು ಆಲಿಸಿದರೆಂದು 14ನೆಯ ವಚನ ಹೇಳುತ್ತದೆ. ಕೊಲೆಯಾದ ಕೂಡಲೇ ಆ ಮಾತು ಬರುವುದಿಲ್ಲ.

ಮಳೆ ಅದಕ್ಕೂ ಮುಂಚೆಯೇ ಬಿದ್ದಿತಲ್ಲವೇ ಎಂದು ತಾವು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ಮಳೆಯನ್ನು ದೇವರ ಉತ್ತರವೆಂದು ಲೇಖಕನು ಎಲ್ಲಿಯೂ ಕರೆದಿಲ್ಲ. ಉತ್ತರದ ಮಾತನ್ನು ಅವನು ಸಮಾಧಿಯ ನಂತರಕ್ಕೆ ಕಾದಿರಿಸಿದ್ದಾನೆ. ಈ ಕ್ರಮವನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಸುಲಭವಲ್ಲ.

ಆ ಏಳು ಮಂದಿಯನ್ನು ಶಿಲುಬೆಯ ಮೇಲಿನ ಕ್ರಿಸ್ತರಿಗೆ ಹೋಲಿಸಿ ಬೋಧಿಸುವ ರೂಢಿಯೊಂದುಂಟು. ಆ ಹೋಲಿಕೆ ಎಚ್ಚರಿಕೆಯನ್ನು ಬೇಡುತ್ತದೆ. ಯೇಸುಸ್ವಾಮಿ ತಮ್ಮ ಪ್ರಾಣವನ್ನು ತಾವಾಗಿಯೇ ಕೊಟ್ಟವರು. ಇವರಾದರೋ ಹಿಡಿದು ಒಪ್ಪಿಸಲ್ಪಟ್ಟವರು. ಬಲಿದಾನಕ್ಕೂ ಬಲಿಪಶುವಾಗುವುದಕ್ಕೂ ಇರುವ ಅಂತರವನ್ನು ಅಳಿಸಿದರೆ, ಇತರರ ಮಕ್ಕಳನ್ನು ಬಲಿಕೊಡುವ ಅಧಿಕಾರಸ್ಥರೆಲ್ಲರಿಗೂ ನಾವು ದೇವರ ಮುದ್ರೆ ಒತ್ತಿಕೊಟ್ಟಂತಾಗುತ್ತದೆ. ಕಲ್ವಾರಿಯ ಹೋಲಿಕೆಯನ್ನು ಹುಡುಕುವುದಾದರೆ, ಶಿಲುಬೆಯ ಬಳಿ ನಿಂತ ಮಾತೆ ಮರಿಯಳಲ್ಲಿಯೂ ಪಾರ್ಥಿವ ಶರೀರವನ್ನು ಕೇಳಿ ಪಡೆದ ಅರಿಮತಾಯದ ಜೋಸೆಫನಲ್ಲಿಯೂ ಹುಡುಕುವುದು ಲೇಸು.

ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2010ರ 'ವೆರ್ಬುಮ್ ದೋಮಿನಿ' ಪ್ರೇಷಿತ ಪ್ರಬೋಧನೆಯಲ್ಲಿ ಬೈಬಲಿನ ಇಂತಹ ಕತ್ತಲೆಯ ಭಾಗಗಳನ್ನು ಕುರಿತು ಪ್ರತ್ಯೇಕವಾಗಿ ಬರೆದಿದ್ದಾರೆ. ಅವುಗಳನ್ನು ಕಡೆಗಣಿಸದೆ, ಅವುಗಳ ಚಾರಿತ್ರಿಕ ಮತ್ತು ಸಾಹಿತ್ಯಕ ಸಂದರ್ಭದಲ್ಲಿ, ಕ್ರಿಸ್ತರ ಬೆಳಕಿನಲ್ಲಿ ಓದಬೇಕೆಂಬುದು ಆ ಬೋಧನೆಯ ಸಾರ. ರಿಚ್ಪಳ ಕಥನಕ್ಕೆ ಇದು ಪೂರ್ತಿಯಾಗಿ ಒಪ್ಪುತ್ತದೆ.

ಈ ಓದಿನಿಂದ ನಮಗೇನು? ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತಾಗ, 'ದೇವರಿಗೆ ಬೇಕಿತ್ತು, ಕರೆದುಕೊಂಡರು' ಎಂದು ಹೇಳಲು ನಮ್ಮ ನಾಲಿಗೆ ಆತುರಪಡುತ್ತದೆ. ಈ ಅಧ್ಯಾಯ ಆ ನಾಲಿಗೆಯನ್ನು ತಡೆಯುತ್ತದೆ. ರಿಚ್ಪಳು ದೇವರನ್ನು ದೂಷಿಸಲಿಲ್ಲ, ಸಮರ್ಥಿಸಲೂ ಇಲ್ಲ. ಸತ್ತವರಿಗೆ ಸಲ್ಲಬೇಕಾದುದನ್ನು ಸಲ್ಲಿಸುತ್ತ ಕುಳಿತಳು. ಅವಳ ವಿಶ್ವಾಸ ಅಷ್ಟರಲ್ಲಿಯೇ ಇತ್ತು. ಮೃತರನ್ನು ಸಮಾಧಿ ಮಾಡುವುದನ್ನು ಧರ್ಮಸಭೆ ದಯಾಕಾರ್ಯಗಳಲ್ಲಿ ಒಂದೆಂದು ಎಣಿಸುತ್ತದೆ. ನವೆಂಬರ್ ತಿಂಗಳಲ್ಲಿ ಸಮಾಧಿಗಳನ್ನು ಶುಚಿಗೊಳಿಸಿ ಮೇಣದಬತ್ತಿ ಹಚ್ಚುವಾಗ ಈ ತಾಯಿಯನ್ನು ಒಮ್ಮೆ ನೆನೆಯಿರಿ. ಹತ್ತಿರದಲ್ಲಿ ಯಾರಾದರೂ ಒಬ್ಬರೇ ನಿಂತು ಅಳುತ್ತಿದ್ದರೆ, ಉಪದೇಶಿಸದೆ ಸ್ವಲ್ಪ ಹೊತ್ತು ಅವರೊಡನೆ ನಿಲ್ಲಿರಿ.