ಕಥೆಗಾರನ ಅನ್ನ ಮತ್ತು ಅಕ್ಷರ

ಕನ್ನಡದಲ್ಲಿ ಕಥೆ, ಕಾದಂಬರಿ ಬರೆದೇ ಬದುಕಲು ಸಾಧ್ಯವೇ? ಈ ಪ್ರಶ್ನೆಗೆ ನಮ್ಮ ಸಾಹಿತ್ಯ ಚರಿತ್ರೆಯೇ ಉತ್ತರ ಹೇಳುತ್ತದೆ. ಮಾಸ್ತಿಯವರು ಸರಕಾರಿ ಅಧಿಕಾರಿಯಾಗಿದ್ದರು, ಕುವೆಂಪು ಪ್ರಾಧ್ಯಾಪಕರು, ತೇಜಸ್ವಿ ಕಾಫಿ ಬೆಳೆಗಾರರು, ಬೊಳುವಾರು ಮಹಮದ್ ಕುಂಞಿ ಬ್ಯಾಂಕ್ ಉದ್ಯೋಗಿ. ಬರವಣಿಗೆ ಇವರಿಗೆಲ್ಲ ಹೆಸರು ತಂದಿತು. ಬದುಕಿಗೆ ಮೊದಲ ಆಸರೆಯಾದದ್ದು ಮಾತ್ರ ಬೇರೆಯೇ.

ಲೇಖನಿಯನ್ನೇ ನಂಬಿದವರ ಪಾಡೇನು? ಗಳಗನಾಥರು (1869-1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಅ.ನ.ಕೃ. (1908-1971) ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಅವು ಅವಸರದ ಬರಹಗಳೆಂದು ವಿಮರ್ಶೆ ಮೂಗು ಮುರಿಯಿತು. ಈ ಆಪಾದನೆ ಪೂರ್ತಿ ಸುಳ್ಳೇನಲ್ಲ. ಆದರೆ ಪುಟ ತುಂಬಿದರೆ ಮಾತ್ರ ಒಲೆ ಉರಿಯುತ್ತದೆ ಎಂಬಂತಹ ಸ್ಥಿತಿಯಲ್ಲಿ ಒಂದೇ ಕಾದಂಬರಿಯನ್ನು ಐದು ವರ್ಷ ತಿದ್ದುತ್ತಾ ಕೂರುವ ಭಾಗ್ಯ ಯಾರಿಗಿದೆ? ತಿಂಗಳ ಸಂಬಳದ ನೆರಳಲ್ಲಿ ಬರೆದವರನ್ನೂ ಬರಹದಿಂದಲೇ ಉಣ್ಣಬೇಕಾದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಒಂದು ಸರಳ ಲೆಕ್ಕ ನೋಡೋಣ. 200 ರೂಪಾಯಿ ಬೆಲೆಯ ಪುಸ್ತಕದ 1000 ಪ್ರತಿಗಳು ಅಚ್ಚಾದವೆನ್ನಿ. ಗೌರವಧನ ಶೇ. 10ರಷ್ಟಾದರೆ ಲೇಖಕನ ಪಾಲು 20,000 ರೂಪಾಯಿ. ಅಷ್ಟೂ ಪ್ರತಿಗಳು ಖರ್ಚಾಗಲು ಮೂರು ವರ್ಷ ಹಿಡಿದರೆ ತಿಂಗಳಿಗೆ 600 ರೂಪಾಯಿಯೂ ಬೀಳುವುದಿಲ್ಲ. ಪ್ರಕಾಶಕರು ಗ್ರಂಥಾಲಯ ಖರೀದಿಯ ದಾರಿ ಕಾಯುತ್ತಾರೆ. ಕಾಗದದ ವ್ಯಾಪಾರಿಗೆ, ಮುದ್ರಕನಿಗೆ ಸಂದಾಯವಾದ ಮೇಲೆ ಸಾಲಿನ ಕೊನೆಯಲ್ಲಿ ನಿಂತ ಲೇಖಕನ ಸರದಿ.

ಮಹಿಳೆಯರಿಗೆ ಈ ದಾರಿ ಇನ್ನೂ ಕಿರಿದು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಮುಂದೆ ಅವರು ಸ್ವಂತ ಪ್ರಕಾಶನವನ್ನೇ ಕಟ್ಟಿದರು. ಅಂದರೆ ಬರೆಯುವ ಹೊರೆಯ ಜೊತೆಗೆ ಅಚ್ಚು ಹಾಕಿಸುವ, ಮಾರುವ ಹೊರೆಯೂ ಲೇಖಕಿಯ ಹೆಗಲಿಗೇ ಬಿತ್ತು.

ಹಾಸನದ ವಕೀಲೆ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದಾಗ ಕನ್ನಡಿಗರೆಲ್ಲ ಹಿಗ್ಗಿದೆವು. 50,000 ಪೌಂಡ್ ಬಹುಮಾನವನ್ನು ಲೇಖಕಿ ಮತ್ತು ಅನುವಾದಕಿ ದೀಪಾ ಭಾಸ್ತಿ ಸಮನಾಗಿ ಹಂಚಿಕೊಂಡರು. ಆದರೆ ಆ ಸಂಕಲನದ 12 ಕಥೆಗಳು 1990ರಿಂದ 2023ರವರೆಗಿನ ಅವಧಿಯಲ್ಲಿ ಬರೆದವು ಎಂಬುದನ್ನು ಮರೆಯಬಾರದು. ಇಂಗ್ಲಿಷಿನ ಓದುಗರಿಗೆ ಕಂಡ ಬೆಲೆ ಮೂರು ದಶಕ ನಮ್ಮ ಅಂಗಡಿಗಳಲ್ಲಿ ಎಷ್ಟು ಕಂಡಿತ್ತು?

ಪ್ರಶಸ್ತಿ ಒಬ್ಬರಿಗೆ, ಅದೂ ಅಪರೂಪಕ್ಕೆ ಬರುವಂಥದ್ದು. ಕಥೆಗಾರರನ್ನು ಸಾಕಬೇಕಾದವರು ಓದುಗರು. ಪುಸ್ತಕ ಬಿಡುಗಡೆಯ ದಿನ ಲೇಖಕನ ಕೈಕುಲುಕಿ, ಗೌರವ ಪ್ರತಿ ಕೇಳಿ ಹೊರಡುವ ನಮ್ಮ ರೂಢಿ ಬದಲಾಗದೆ, ಪ್ರತಿಭೆಯುಳ್ಳವರು ಯಾಕೆ ಬರೆಯುವುದನ್ನು ನಿಲ್ಲಿಸಿದರು ಎಂದು ಕೇಳುವ ಹಕ್ಕು ನಮಗಿಲ್ಲ.